ಬೆನ್ನು ಬಿಡದ ಡ್ರೋನ್: ಪದವಿನಲ್ಲಿ ಹಾರಿಸುವುದು ಹೇಗೆ, ತೋಟದಲ್ಲಿ ಏಕೆ ಬೇಡ?

ನಮ್ಮ ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆಯ ಬೋಳು ನೆತ್ತಿಯ ಮೇಲೆ ಒಬ್ಬರು ನಡೆಯುತ್ತಾರೆ. ಡ್ರೋನು ಅವರ ಹಿಂದೆಯೇ ಬರುತ್ತದೆ, ರಿಮೋಟನ್ನು ಯಾರೂ ಮುಟ್ಟುವುದಿಲ್ಲ. ಮದುವೆ ವಿಡಿಯೊದವರಿಂದ ಸೈಕಲ್ ಸವಾರರವರೆಗೆ ಈಗ ಎಲ್ಲರಿಗೂ ಇಂಥ ಚಿತ್ರ ಬೇಕು. ಅದೇ ಡ್ರೋನನ್ನು ಅಡಿಕೆ ತೋಟದೊಳಗೆ ಬಿಟ್ಟರೆ ಬೇಗನೆ ದಾರಿ ತಪ್ಪುತ್ತದೆ. ಡ್ರೋನಿನ ಕಣ್ಣಿಗೆ ನೀವೆಂದರೆ ಚಿತ್ರದೊಳಗಿನ ಒಂದು ಚೌಕ, ಜೊತೆಗೆ ಆ ಚೌಕ ಮುಂದಿನ ಕ್ಷಣ ಎಲ್ಲಿರಬಹುದು ಎಂಬ ಒಂದು ಲೆಕ್ಕ. ಇಷ್ಟು ನೆನಪಿದ್ದರೆ ಉಳಿದದ್ದೆಲ್ಲ ಸುಲಭ.

ಮೊದಲು ಜಾಗ ನೋಡಿ

ಕಲಿಯುವವರಿಗೆ ಮುರಕಲ್ಲಿನ ಪದವಿನಷ್ಟು, ಎಂದರೆ ಗುಡ್ಡೆಯ ಮೇಲಿನ ಬಯಲಿನಷ್ಟು, ಒಳ್ಳೆಯ ಜಾಗ ಬೇರಿಲ್ಲ. ಮರ ಕಡಿಮೆ, ನೆಲ ಸಪಾಟು. ಕಲ್ಲು ಕೋರೆ ಇರುವ ಕಡೆ ಮಾತ್ರ ನಡೆಯುವವರ ಕಣ್ಣು ಡ್ರೋನಿನ ಮೇಲಲ್ಲ, ಕಾಲ ಬುಡದಲ್ಲಿರಲಿ. ಹೊರಡುವ ಮುನ್ನ ಕೇಂದ್ರ ಸರ್ಕಾರದ ಡ್ರೋನ್ ಜಾಲತಾಣ ‘ಡಿಜಿಟಲ್ ಸ್ಕೈ’ಯ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಲೇಬೇಕು. ನಮಗೆ ಬಡಗಿನಲ್ಲಿ ಬಜ್ಪೆ ವಿಮಾನ ನಿಲ್ದಾಣ, ತೆಂಕಿನಲ್ಲಿ ಏಳಿಮಲೆಯ ನೌಕಾ ಅಕಾಡೆಮಿ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಬಹುದು, ಕೆಂಪಿನಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬೇಕಲ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಇಲಾಖೆಯ ಒಪ್ಪಿಗೆ ಪಡೆಯದೆ ಡ್ರೋನನ್ನು ಚೀಲದಿಂದ ತೆಗೆಯಲೇಬೇಡಿ.

ಚೌಕ ಎಳೆಯುವುದು

ಡ್ರೋನನ್ನು ಐದಾರು ಮೀಟರ್ ಏರಿಸಿ, ಪರದೆಯಲ್ಲಿ ನಡೆಯುವವರ ಸುತ್ತ ಬೆರಳಿನಿಂದ ಚೌಕ ಎಳೆಯಿರಿ. ಸಾವಿರಾರು ಚಿತ್ರಗಳಿಂದ ಮನುಷ್ಯಾಕಾರವನ್ನು ಕಲಿತ ತಂತ್ರಾಂಶ ಅವರ ಬಟ್ಟೆಯ ಬಣ್ಣ, ಆಕಾರ, ಗಾತ್ರಗಳನ್ನು ಗುರುತಿಟ್ಟುಕೊಳ್ಳುತ್ತದೆ. ಸೆಕೆಂಡಿಗೆ 30 ಚಿತ್ರದಂತೆ ಹಿಡಿದರೆ, ಸೆಕೆಂಡಿಗೆ 3 ಮೀಟರ್ ಓಡುವವರು ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಯುವುದು 10 ಸೆಂಟಿಮೀಟರ್ ಅಷ್ಟೇ. ಆದ್ದರಿಂದ ಹುಡುಕಾಟ ಹಳೆಯ ಚೌಕದ ಆಸುಪಾಸಿನಲ್ಲೇ ಮುಗಿಯುತ್ತದೆ.

ಬಟ್ಟೆಯ ಆಯ್ಕೆ ಇಲ್ಲಿ ದೊಡ್ಡ ಮಾತು. ಜಾತ್ರೆಯಲ್ಲಿ ಎಲ್ಲರೂ ಬಿಳಿ ಮುಂಡು ಉಟ್ಟಿರುವಾಗ ಇಬ್ಬರು ಅಡ್ಡಹಾಯ್ದರೆ ಚೌಕ ಒಬ್ಬರಿಂದ ಇನ್ನೊಬ್ಬರ ಮೇಲೆ ಕುಳಿತುಬಿಡುತ್ತದೆ. ಕೆಂಪು ಮಣ್ಣಿನ ಮೇಲೆ ಕೆಂಪು ಅಂಗಿಯೂ ಬೇಡ. ಹಳದಿ ಅಥವಾ ನೀಲಿ ಒಳ್ಳೆಯದು.

ದೂರದ ಲೆಕ್ಕ, ಗುಡ್ಡೆಯ ಅಪಾಯ

ಒಂದೇ ಕ್ಯಾಮೆರಾಕ್ಕೆ ದೂರ ನೇರವಾಗಿ ಕಾಣುವುದಿಲ್ಲ. ತಾನು ಎಷ್ಟು ಎತ್ತರದಲ್ಲಿದ್ದೇನೆ, ಕ್ಯಾಮೆರಾ ಎಷ್ಟು ಕೆಳಕ್ಕೆ ಬಾಗಿದೆ ಎಂಬ ಎರಡರಿಂದ ಡ್ರೋನು ದೂರವನ್ನು ಕಟ್ಟುತ್ತದೆ. 45 ಡಿಗ್ರಿ ಬಾಗಿದ್ದರೆ ಎತ್ತರವೆಷ್ಟೋ ದೂರವೂ ಅಷ್ಟೇ. ಬಹಳ ಡ್ರೋನುಗಳಲ್ಲಿ ಎತ್ತರವೆಂದರೆ ಹೊರಟ ಜಾಗದಿಂದ ಅಳೆದದ್ದು. ಸಮನೆಲದಲ್ಲಿ ಇದರಿಂದ ತೊಂದರೆಯಿಲ್ಲ, ಗುಡ್ಡೆಯಲ್ಲಿ ಲೆಕ್ಕ ಕೆಡುತ್ತದೆ.

ಗುಡ್ಡೆಯ ಬುಡದಿಂದ ಡ್ರೋನು 20 ಮೀಟರ್ ಏರಿದೆ ಎಂದುಕೊಳ್ಳಿ. ನೀವು 10 ಮೀಟರ್ ಹತ್ತಿದಿರಿ, ಕ್ಯಾಮೆರಾ 30 ಡಿಗ್ರಿ ಬಾಗಿದೆ. ಡ್ರೋನಿನ ಲೆಕ್ಕದಲ್ಲಿ ನೀವು ಸುಮಾರು 35 ಮೀಟರ್ ದೂರ, ನಿಜವಾಗಿ ಇರುವುದು 17 ಮೀಟರ್. ದೂರ ಹೆಚ್ಚಾಯಿತೆಂದು ಅದು ನಿಮ್ಮತ್ತ ನುಗ್ಗುತ್ತದೆ, ಎದುರಿನ ಇಳಿಜಾರೂ ಹತ್ತಿರವಾಗುತ್ತದೆ. ಕೆಳಮುಖದ ಸೆನ್ಸರ್, ಜೋಡಿ ಕ್ಯಾಮೆರಾ ಇರುವ ಡ್ರೋನುಗಳು ಇದನ್ನು ತಿದ್ದಿಕೊಳ್ಳುತ್ತವೆ, ಆದರೆ ಅವುಗಳ ದೃಷ್ಟಿಗೂ ಮಿತಿಯಿದೆ. ಗುಡ್ಡೆಯಲ್ಲಿ ಚಿತ್ರ ಬೇಕಿದ್ದರೆ ನೆತ್ತಿಯಿಂದ ಹಾರಿಸಿ, ಇಳಿಯುವುದನ್ನು ಹಿಡಿಯಿರಿ. ಆಗ ತಪ್ಪಿದರೂ ಡ್ರೋನು ನಿಮ್ಮಿಂದ ದೂರವೇ ಉಳಿಯುತ್ತದೆ.

ಮರೆಯಾದಾಗ

ಅಡಿಕೆ ಗಿಡಗಳ ನಡುವೆ 2.7 ಮೀಟರ್ ಅಂತರ ಬಿಡಿ ಎಂದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುತ್ತದೆ. ಸಾಲಿನ ಬದಿಯಲ್ಲಿ ಸಾಧಾರಣ ನಡಿಗೆಯಲ್ಲಿ ಹೋದರೂ ಎರಡು ಸೆಕೆಂಡಿಗೊಮ್ಮೆ ಒಂದು ಕಂಗು ಅಡ್ಡ ಬರುತ್ತದೆ. ತಿರುವಿನ ಮರಗಳ ಹಿಂದೆ ಮರೆಯಾದ ಬಸ್ಸು ಯಾವ ಕಡೆ ಹೊರಬರುತ್ತದೆಂದು ಸ್ಟಾಪಿನಲ್ಲಿ ನಿಂತವರಿಗೆ ಗೊತ್ತಿರುವ ಹಾಗೆ, ಡ್ರೋನೂ ನಿಮ್ಮ ವೇಗ, ದಿಕ್ಕು ನೋಡಿ ಮುಂದಿನ ಜಾಗವನ್ನು ಊಹಿಸುತ್ತದೆ. ಇಂಥ ಊಹೆಗೆ ಹೆಚ್ಚಾಗಿ ಬಳಸುವುದು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಗಣಿತ. ಚಂದ್ರನತ್ತ ಹೋದ ಅಪೊಲೊ ನೌಕೆಗಳಿಗೆ ದಾರಿ ಲೆಕ್ಕ ಹಾಕಿದ್ದೂ ಅದೇ ವಿಧಾನ. ಆ ವಿದ್ಯೆ ಪುಟ್ಟ ಡ್ರೋನಿನೊಳಗೆ ನಮ್ಮ ಊರಿನ ಮೇಲೆ ಹಾರುತ್ತಿದೆ ಎಂಬುದು ನನಗೆ ಇಂದಿಗೂ ಬೆರಗು.

ಆದರೆ ಮರದ ಹಿಂದೆ ನೀವು ನಿಂತರೆ, ಇಲ್ಲವೇ ತಿರುಗಿದರೆ, ಊಹೆ ಕೈಕೊಡುತ್ತದೆ. ತೋಟದೊಳಗಿನ ಮಬ್ಬು ಬೆಳಕಿನಲ್ಲಿ ತಡೆ ಗುರುತಿಸುವ ಕ್ಯಾಮೆರಾಗಳೂ ಮಂಕಾಗುತ್ತವೆ. ಸಪೂರ ತಂತಿ, ಒಣ ಸೋಗೆಯ ತುದಿ ಅವಕ್ಕೆ ಕಾಣಿಸುವುದೇ ಕಷ್ಟ. ಹಾಗಾಗಿ ನೀವು ತೋಟದ ಅಂಚಿನ ದಾರಿಯಲ್ಲಿ ನಡೆಯಿರಿ, ಡ್ರೋನು ಬೈಲಿನ ಮೇಲಿರಲಿ. ಬದಿಯಿಂದ ಜೊತೆಯಾಗಿ ಸಾಗುವ ಕ್ರಮದಲ್ಲಿ ಹಾರಿಸುವುದಾದರೆ, ನಿಮ್ಮ ಡ್ರೋನಿಗೆ ಬದಿಯಲ್ಲೂ ಸೆನ್ಸರ್ ಇದೆಯೇ ನೋಡಿ. ಅಗ್ಗದ ಕೆಲವಕ್ಕೆ ಮುಂದೆ ಮಾತ್ರ ಕಣ್ಣು, ಕೆಲವಕ್ಕೆ ಅದೂ ಇಲ್ಲ.

ಫೋನಿನ ಜಿಪಿಎಸ್ ಹಿಡಿದು ಹಿಂಬಾಲಿಸುವ ಬಗೆಯೂ ಉಂಟು. ಅದರಲ್ಲಿ ಮರೆಯ ಚಿಂತೆ ಕಡಿಮೆ, ಆದರೆ ಕೆಲವು ಮೀಟರುಗಳ ವ್ಯತ್ಯಾಸ ಸಹಜ. ಹತ್ತಿರದ ಚಿತ್ರಕ್ಕೆ ಆಗದು.

ನಡೆಯುವ ಕ್ರಮ

ನಿಧಾನ ಶುರುಮಾಡಿ, ಅಗಲವಾಗಿ ತಿರುಗಿ. ನೀವು ಸರಿದಾಗ ಡ್ರೋನು ಮೊದಲು ಕ್ಯಾಮೆರಾ ಮತ್ತು ಮೂತಿ ತಿರುಗಿಸಿ ನಿಮ್ಮನ್ನು ನಡುವಿಗೆ ತರುತ್ತದೆ, ಆಮೇಲೆ ಮೈ ಬಾಗಿಸಿ ಮುಂದೆ ಬರುತ್ತದೆ. ಕಣ್ವತೀರ್ಥದಂಥ ಕಡಲ ಕರೆಯಲ್ಲಿ ಬೆಳಗ್ಗೆಯೇ ಹಾರಿಸಿ. ಮಧ್ಯಾಹ್ನದ ಕಡಲ ಗಾಳಿಗೆ ಎದುರು ನಿಲ್ಲುವುದರಲ್ಲೇ ಅದರ ಬಲ ಮುಗಿಯುತ್ತದೆ. ಅಲೆಗಳ ಮೇಲೆ ಕೆಳಗೆ ಇಳಿಸಬೇಡಿ, ಚಲಿಸುವ ನೀರು ಕೆಳಗಿನ ಕ್ಯಾಮೆರಾಕ್ಕೆ ನೆಲೆ ತಪ್ಪಿಸುತ್ತದೆ.

ಒಬ್ಬರು ನಡೆಯುವಾಗ ಇನ್ನೊಬ್ಬರು ರಿಮೋಟ್ ಹಿಡಿದು ಡ್ರೋನನ್ನೇ ನೋಡುತ್ತಿರಬೇಕು. ಚೌಕ ಕಳಚಿದರೆ ಕೂಡಲೇ ನಿಲ್ಲಿಸುವ ಗುಂಡಿ ಒತ್ತಿ. ಮನೆಗೆ ಮರಳುವ ಗುಂಡಿ ಒತ್ತಿದರೆ ಡ್ರೋನು ತಾನಾಗಿ ಹೊರಟ ಜಾಗಕ್ಕೆ ಬರುತ್ತದೆ. ಹಾಗೆ ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ತೆಂಗಿಗಿಂತ ಹೆಚ್ಚಿಗೆ, 40 ಮೀಟರಿನಷ್ಟು ಇಡಿ. ಡ್ರೋನು ಮರದಡಿಯಲ್ಲಿರುವಾಗ ಮಾತ್ರ ಈ ಮರಳುವ ಗುಂಡಿ ಒತ್ತಬೇಡಿ. ಅದು ನೇರ ಮೇಲಕ್ಕೇರಿ ಮಡಲಿಗೆ ಸಿಕ್ಕಿಕೊಳ್ಳುತ್ತದೆ. ಮೊದಲು ಕೈಯಿಂದ ಬಯಲಿಗೆ ತನ್ನಿ, ಆಮೇಲೆ ಒತ್ತಿ.