ಬಡ್ಡಿರಹಿತ ಸಾಲ ನಿಧಿಯಲ್ಲಿ ಸೇವಾಶುಲ್ಕ: ನನ್ನ ಅನುಭವ

ನಮ್ಮ ಜಮಾಅತ್‌ನ (ಮಸೀದಿ ಸಮುದಾಯದ) ಬಡ್ಡಿರಹಿತ ಸಾಲ ನಿಧಿಯ ಲೆಕ್ಕಪತ್ರ ನನ್ನ ಕೈಗೆ ಬಂದಾಗ ಸಾಲದ ಮೊತ್ತದ ಮೇಲೆ ನೂರಕ್ಕೆ ಎರಡರಂತೆ ಸೇವಾಶುಲ್ಕ ಹಿಡಿಯುವ ರೂಢಿಯಿತ್ತು. ಹತ್ತು ಸಾವಿರಕ್ಕೂ ಐವತ್ತು ಸಾವಿರಕ್ಕೂ ಅರ್ಜಿ ಒಂದೇ, ಅಡವಿನ ಚಿನ್ನ ತೂಗುವ ಕೆಲಸ ಒಂದೇ, ರಸೀದಿ ಒಂದೇ. ಶುಲ್ಕ ಮಾತ್ರ ಐದು ಪಟ್ಟು ಏಕೆ?

ಈ ಪ್ರಶ್ನೆಯನ್ನು ವಿದ್ವಾಂಸರು ಎಂದೋ ಬಿಡಿಸಿಟ್ಟಿದ್ದಾರೆ. 1986ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ, ಸಾಲಕ್ಕೆ ಶುಲ್ಕ ಪಡೆಯಬಹುದು, ಆದರೆ ಅದು ನಿಜವಾದ ಖರ್ಚನ್ನು ಮೀರಬಾರದು, ಮೀರಿದ್ದು ನಿಷಿದ್ಧ ಬಡ್ಡಿ ಎಂದು ತೀರ್ಮಾನಿಸಿತು. ಅದನ್ನೇ ಸಮಿತಿಯ ಮುಂದಿಟ್ಟೆ.

ಗುಮಾಸ್ತರ ಸಂಬಳ, ಬಾಡಿಗೆ, ವಿದ್ಯುತ್, ಲೆಕ್ಕಪರಿಶೋಧನೆ ಎಲ್ಲವನ್ನೂ ಕೂಡಿಸಿ ವರ್ಷದ ಸಾಲಗಳ ಸಂಖ್ಯೆಯಿಂದ ಭಾಗಿಸಿದೆವು. ಖರ್ಚು 1,20,000 ರೂಪಾಯಿ, ಸಾಲ 400 ಎಂದಿಟ್ಟುಕೊಂಡರೆ ಒಂದೊಂದಕ್ಕೆ 300 ರೂಪಾಯಿ. ಮೊತ್ತ ಎಷ್ಟೇ ಇರಲಿ. ಸಣ್ಣ ಸಾಲದವರಿಗೆ ಇದು ಹೊರೆಯೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಮಾತು ಸರಿಯಾಗಿತ್ತು. ಹತ್ತು ಸಾವಿರದೊಳಗಿನ ಸಾಲದ ಶುಲ್ಕವನ್ನು ದಾನಿಗಳಿಂದ ತುಂಬಿಸಲು ಒಪ್ಪಿದೆವು. ವಸೂಲಾಗದ ಸಾಲವನ್ನು ಶುಲ್ಕಕ್ಕೆ ಸೇರಿಸುವಂತಿಲ್ಲ. ಅದು ಉಳಿದವರ ತಲೆಗೆ ಬೀಳುತ್ತದೆ. ಕಡ್ಡಾಯ ದಾನವಾದ ಝಕಾತ್‌ನ ಎಂಟು ಬಗೆಯ ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರಲ್ಲ. ನಿಜವಾಗಿಯೂ ದಿಕ್ಕಿಲ್ಲದವರ ಕೈಗೆ ಝಕಾತ್ ಕೊಡುತ್ತೇವೆ, ಅವರೇ ಸಾಲ ತೀರಿಸುತ್ತಾರೆ.

ಗೋರಖ್‌ಪುರದಲ್ಲಿ ಹುಟ್ಟಿ ಅಲಿಗಢದಲ್ಲಿ ಪಾಠ ಮಾಡಿದ ನಜಾತುಲ್ಲಾ ಸಿದ್ದೀಕಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಸಿದ್ಧಾಂತದ ತಳಪಾಯ ಹಾಕಿದವರಲ್ಲಿ ಒಬ್ಬರು. ನಗದಿಗಾಗಿಯೇ ಸರಕನ್ನು ಸಾಲಕ್ಕೆ ಕೊಂಡು ಕೂಡಲೇ ಮಾರುವ ‘ತವರ್ರುಕ್’ ಪದ್ಧತಿಯಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂದು ಅವರೇ ಎಚ್ಚರಿಸಿದರು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಮಹ್ಮೂದ್ ಅಲ್-ಗಮಾಲ್ ಇನ್ನೂ ಖಾರವಾಗಿ ವಾದಿಸುತ್ತಾರೆ: ಬ್ಯಾಂಕಿನ ಸಾಲಕ್ಕೆ ಅರಬಿ ಹೆಸರಿಟ್ಟು ದುಬಾರಿ ಮಾಡುವುದಕ್ಕಿಂತ ಪರಸ್ಪರ ಸಹಕಾರದ ಸಂಸ್ಥೆಗಳೇ ಮೇಲು. ನಮ್ಮಂಥ ಸಣ್ಣ ನಿಧಿಗಳಿಗೆ ಈ ವಾದ ಬಲ ಕೊಡುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಅರ್ಜಿ ಹೆಚ್ಚಿ ಹಣ ಸಾಲದಾದಾಗ ಅರ್ಥಶಾಸ್ತ್ರಜ್ಞ ಉಮರ್ ಛಾಪ್ರಾ ನೆರವಿಗೆ ಬರುತ್ತಾರೆ. ಧರ್ಮ, ಜೀವ, ಬುದ್ಧಿ, ಸಂತತಿ, ಸಂಪತ್ತು ಎಂಬ ಶರೀಅತ್‌ನ ಐದು ಉದ್ದೇಶಗಳನ್ನು ಅವರು ಅಭಿವೃದ್ಧಿಯ ಅಳತೆಗೋಲಾಗಿ ವಿವರಿಸಿದ್ದಾರೆ. ಅದರಂತೆ ಚಿಕಿತ್ಸೆ ಮೊದಲು, ಕಾಲೇಜು ಶುಲ್ಕ ಆಮೇಲೆ, ನಂತರ ಹೊಲಿಗೆ ಯಂತ್ರ, ಮೀನು ವ್ಯಾಪಾರದ ಬಂಡವಾಳ. ಮದುವೆಯ ಆಡಂಬರಕ್ಕೆ ಮಾತ್ರ ಕೊಡುವುದಿಲ್ಲ, ಯಾರು ಶಿಫಾರಸು ತಂದರೂ.