ಮನೆಮಂದಿಯ ಫೋಟೊಗೆ ಫೋಟೊಗ್ರಾಫರನ್ನು ಗೊತ್ತುಮಾಡುವ ಮೊದಲು

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಗೆ ಸಹಸ್ರಚಂದ್ರದರ್ಶನ ಶಾಂತಿ ಮಾಡಿಸಿದೆವು. ಫೋಟೊ ತೆಗೆಯಲು ಬಂದವರು ಒಂದೇ ದಿನದಲ್ಲಿ ಒಂಬೈನೂರು ಚಿತ್ರ ತೆಗೆದುಕೊಟ್ಟರು. ಅವುಗಳಲ್ಲಿ ಹೋಮಕುಂಡವಿತ್ತು, ಬಾಳೆಕಂಬವಿತ್ತು, ಊಟದ ಪಂಕ್ತಿಯಿತ್ತು, ಅಡಿಗೆಯವರ ಕೊಪ್ಪರಿಗೆಯನ್ನು ಮೂರು ಕಡೆಯಿಂದ ತೆಗೆದದ್ದೂ ಇತ್ತು. ಅಜ್ಜಿಯ ಮುಖ ನೆಟ್ಟಗೆ ಕಾಣುವ ಚಿತ್ರಗಳು ಮಾತ್ರ ನಾಲ್ಕೇ ಇದ್ದವು, ಅವುಗಳಲ್ಲೂ ಎರಡರಲ್ಲಿ ಅವರು ಕಣ್ಣು ಮುಚ್ಚಿದ್ದರು. ಬಂದವರ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ನಾಚಿಕೆಯೂ ಆಯಿತು, ಏಕೆಂದರೆ ಅವರನ್ನು ಗೊತ್ತುಮಾಡುವಾಗ ನಾವು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟಾಗುತ್ತದೆ, ಆ ದಿನ ಬಿಡುವಿದೆಯೇ. ಆಮೇಲಿನ ವರ್ಷಗಳಲ್ಲಿ ನೆಂಟರಿಷ್ಟರು ಇದೇ ಎರಡು ಪ್ರಶ್ನೆ ಕೇಳಿ ಇದೇ ರೀತಿ ಕೈಸುಟ್ಟುಕೊಳ್ಳುವುದನ್ನು ನೋಡಿ ನೋಡಿ ಈ ಲೇಖನ ಬರೆಯಬೇಕಾಯಿತು.

ಹೆಜ್ಜೆ 1: ಯಾರ ಫೋಟೊ ಎಂಬುದನ್ನು ಬರೆದಿಡಿ

ಅರ್ಧ ಹಾಳೆ ಸಾಕು. ಕಾರ್ಯಕ್ರಮ ನಾಮಕರಣವಿರಲಿ, ಉಪನಯನವಿರಲಿ, ಗೃಹಪ್ರವೇಶವಿರಲಿ, ಚಿತ್ರದಲ್ಲಿ ಇರಲೇಬೇಕಾದವರ ಹೆಸರುಗಳನ್ನೂ ತಪ್ಪಿಸಲೇಬಾರದ ಗಳಿಗೆಗಳನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ದಿನ ನೋಡಿ

ಮುಹೂರ್ತದ ದಿನಗಳಲ್ಲಿ ಒಳ್ಳೆಯ ಫೋಟೊಗ್ರಾಫರುಗಳು ಮದುವೆಗಳಿಗೆ ಮೊದಲೇ ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಶಾಸ್ತ್ರವೇನೂ ಇಲ್ಲದ, ಬರೀ ಮನೆಮಂದಿಯ ಚಿತ್ರವಾದರೆ ಮುಹೂರ್ತವಿಲ್ಲದ ದಿನವನ್ನೇ ಆರಿಸಿಕೊಳ್ಳಿ. ದೀಪಾವಳಿಗೆ ಬೆಂಗಳೂರಿನಿಂದ ಎಲ್ಲರೂ ಊರಿಗೆ ಬಂದಿರುವಾಗ ಹಬ್ಬದ ಮಾರನೆಯ ದಿನ ತೆಗೆಸುವುದು ಸುಲಭ. ನನ್ನನ್ನು ಕೇಳಿದರೆ, ಅಂಗಳದಲ್ಲಿ ಅಡಿಕೆ ಹರವಿರುವ ಡಿಸೆಂಬರ್ ತಿಂಗಳ ಬೆಳಿಗ್ಗೆ, ಮಂಜು ಕರಗಿ ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿರುವ ಹೊತ್ತಿಗಿಂತ ಒಳ್ಳೆಯ ಹೊತ್ತು ಮಲೆನಾಡಿನಲ್ಲಿ ಇನ್ನೊಂದಿಲ್ಲ.

ಹೆಜ್ಜೆ 3: ಮಾದರಿ ಚಿತ್ರ ನೋಡುವುದು

ಬಹುಪಾಲು ಮಂದಿ ಎಡವುವುದು ಇಲ್ಲಿಯೇ. ಇನ್‌ಸ್ಟಾಗ್ರಾಮ್ ಪುಟದಲ್ಲಿ ಮೂವತ್ತು ಚಿತ್ರ ನೋಡಿ, ಚೆನ್ನಾಗಿವೆ ಎಂದು ಮುಂಗಡ ಕಳಿಸಿಬಿಡುತ್ತಾರೆ. ಆ ಮೂವತ್ತು ಚಿತ್ರಗಳು ಐದಾರು ವರ್ಷಗಳ ಕೆಲಸದಲ್ಲಿ ಸೋಸಿ ತೆಗೆದವಾಗಿರುತ್ತವೆ, ಹೆಚ್ಚಿನವು ಶರಾವತಿ ಹಿನ್ನೀರಿನ ದಡದಲ್ಲೋ ಕುಂದಾದ್ರಿಯ ಬಂಡೆಯ ಮೇಲೋ ತೆರೆದ ಬೆಳಕಿನಲ್ಲಿ ತೆಗೆದವಾಗಿರುತ್ತವೆ. ನಿಮ್ಮ ಮನೆಯ ನಡುಮನೆ ಹಾಗಿರುವುದಿಲ್ಲ. ಆದ್ದರಿಂದ ಫೋಟೊಗ್ರಾಫರ ಬಳಿ ಹೀಗೆ ಕೇಳಿ: ಕಲ್ಯಾಣಮಂಟಪದ್ದು ಬೇಡ, ಯಾರದಾದರೂ ಹಳೆಯ ಮನೆಯಲ್ಲಿ ನಡೆದ ಒಂದೇ ಒಂದು ಕಾರ್ಯಕ್ರಮದ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ, ಆರಿಸದೆ ತೋರಿಸಿ. ಆ ಮನೆಯವರ ಒಪ್ಪಿಗೆ ಬೇಕೆಂದು ಅವರು ಎರಡು ದಿನ ಕೇಳಿದರೆ ಕೊಡಿ, ಅದು ಒಳ್ಳೆಯ ಲಕ್ಷಣವೇ. ತೋರಿಸಲು ಏನೂ ಇಲ್ಲ ಎನ್ನುವವರಿಗೆ ನಮಸ್ಕಾರ ಹೇಳಿ ಬಂದುಬಿಡಿ.

ಹಳೆಯ ಮನೆಯದ್ದೇ ಏಕೆ ಎಂದರೆ, ಮಲೆನಾಡಿನ ಮನೆ ಕ್ಯಾಮೆರಾದ ಪಾಲಿಗೆ ಕಷ್ಟದ ಜಾಗ. ಮಳೆಗೆಂದು ಹೆಂಚಿನ ಮಾಡನ್ನು ತಗ್ಗಿಗೆ ಇಳಿಸಿರುವುದರಿಂದ ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲಿದ್ದರೂ ಜಗಲಿ ದಾಟಿದೊಡನೆ ಕತ್ತಲೆ. ಜಗಲಿಯ ಕಂಬದ ಬಳಿ ಕುಳಿತ ಅಜ್ಜನನ್ನು ಸರಿಯಾಗಿ ತೆಗೆದರೆ ಅಂಗಳ ಬೆಳ್ಳಗೆ ಸುಟ್ಟುಹೋಗುತ್ತದೆ, ಅಂಗಳವನ್ನು ಸರಿಯಾಗಿ ತೆಗೆದರೆ ಅಜ್ಜ ಬರೀ ನೆರಳಾಗುತ್ತಾರೆ. ಪಟ್ಟಣದಲ್ಲಿ ಪಳಗಿದವರು ಇಂಥ ಕಡೆ ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಹೊಡೆಯುತ್ತಾರೆ. ಬಿಳಿ ತಾರಸಿಯಿದ್ದರೆ ಬೆಳಕು ಅಲ್ಲಿಂದ ಮೆತ್ತಗೆ ಇಳಿದು ಬರುತ್ತದೆ, ಆದರೆ ಕಪ್ಪಿಟ್ಟ ಹಲಗೆಯ ಮುಚ್ಚಿಗೆಯೂ ಹೊಗೆ ಹಿಡಿದ ಹೆಂಚೂ ಬೆಳಕನ್ನು ನುಂಗಿಹಾಕುತ್ತವೆ, ಉಳಿದಷ್ಟನ್ನು ಕಂದು ಬಣ್ಣಕ್ಕೆ ತಿರುಗಿಸುತ್ತವೆ. ನಮ್ಮದು ಹೆಂಚಿನ ಮನೆ, ಫ್ಲಾಶ್ ಹೇಗೆ ಹೊಡೆಯುತ್ತೀರಿ ಎಂದು ನೇರವಾಗಿ ಕೇಳಿ. ಪಕ್ಕದ ಸುಣ್ಣದ ಗೋಡೆಗೆ ಹೊಡೆಯುತ್ತೇನೆ ಎಂದೋ, ಸ್ಟ್ಯಾಂಡಿನ ಮೇಲೆ ಬಿಳಿ ಕೊಡೆ ಇಟ್ಟು ಅದರ ಮೂಲಕ ಬೆಳಕು ಬಿಡುತ್ತೇನೆ ಎಂದೋ ಹೇಳುವವರು ಕೆಲಸ ಬಲ್ಲವರು. ಅದೆಲ್ಲ ಎಡಿಟಿಂಗ್‌ನಲ್ಲಿ ಸರಿಮಾಡಬಹುದು ಎನ್ನುವವರು ಬೇಡ.

ಬಣ್ಣದ ವಿಷಯ ಇದಕ್ಕಿಂತ ತೊಡಕಿನದು. ನಡುಮನೆಯಲ್ಲಿ ಬಿಳಿ ಎಲ್‌ಇಡಿ, ದೇವರ ಮನೆಯಲ್ಲಿ ದೀಪದ ಹಳದಿ, ಬಾಗಿಲಿನಿಂದ ಹಗಲಿನ ಬೆಳಕು, ಅದರ ಮೇಲೆ ಹೋಮದ ಹೊಗೆ. ಅಂಗಳಕ್ಕೆ ಬಂದರೆ ಮಳೆಯ ಭಯಕ್ಕೆ ಚಪ್ಪರದ ಮೇಲೆ ಎಳೆದ ನೀಲಿ ಟಾರ್ಪಾಲು, ಅದರಡಿಯಲ್ಲಿ ಕುಳಿತವರೆಲ್ಲ ನೀಲಕಂಠರು. ನೋಡಲು ಸಿಕ್ಕ ಚಿತ್ರಗಳಲ್ಲಿ ಒಬ್ಬರೇ ವ್ಯಕ್ತಿ ಜಗಲಿಯಲ್ಲಿ, ಚಪ್ಪರದಲ್ಲಿ, ದೇವರ ಮುಂದೆ ಇರುವ ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಮೈಬಣ್ಣ ಒಂದೇ ರೀತಿ ಇದೆಯೇ ನೋಡಿ. (ಟಾರ್ಪಾಲಿನ ಕಾಟಕ್ಕೆ ನಿಮ್ಮ ಕೈಯಲ್ಲೇ ಮದ್ದಿದೆ. ಅದರಡಿಗೆ ಬಿಳಿ ಪಂಚೆಯನ್ನೋ ಬಟ್ಟೆಯನ್ನೋ ಅಗಲಕ್ಕೆ ಕಟ್ಟಿಸಿದರೆ ನೀಲಿ ಬಹಳ ಮಟ್ಟಿಗೆ ಇಳಿಯುತ್ತದೆ. ಹಸಿರು ನೆರಳುಬಲೆಯನ್ನಂತೂ ಕಟ್ಟಲೇಬೇಡಿ.) ಅಗ್ಗದ ಎಲ್‌ಇಡಿ ದೀಪಗಳದ್ದು ಇನ್ನೊಂದು ಉಪದ್ರವ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದಿದ್ದರೂ ಕ್ಯಾಮೆರಾದ ಶಟರ್ ವೇಗ, ಅಂದರೆ ಬೆಳಕಿಗೆ ಅದು ತೆರೆದಿರುವ ಅವಧಿ, ಇದಕ್ಕೆ ಹೊಂದದಿದ್ದರೆ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟೆಗಳು ಬೀಳುತ್ತವೆ. ಶಟರನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕೋ ಐವತ್ತನೆಯ ಒಂದು ಭಾಗಕ್ಕೋ ಇಟ್ಟರೆ ಪಟ್ಟೆ ಬಹುಮಟ್ಟಿಗೆ ಮಾಯವಾಗುತ್ತದೆ. ಮಾದರಿ ಚಿತ್ರಗಳ ಹಿನ್ನೆಲೆಯ ಗೋಡೆಯಲ್ಲಿ ಪಟ್ಟೆಗಳಿದ್ದರೆ, ತೆಗೆದವರಿಗೆ ಈ ಸಂಗತಿ ಗೊತ್ತಿಲ್ಲವೆಂದೇ ಅರ್ಥ.

ಆಮೇಲೆ ಗುಂಪುಚಿತ್ರಗಳನ್ನು ದೊಡ್ಡದು ಮಾಡಿ ಅಂಚುಗಳನ್ನು ನೋಡಿ. ಜಾಗವಿಲ್ಲವೆಂದು ಅಗಲ ಲೆನ್ಸಿನಿಂದ ತೆಗೆದರೆ ಕೊನೆಯಲ್ಲಿ ನಿಂತ ಚಿಕ್ಕಪ್ಪನ ಮುಖ ಕುಂಬಳಕಾಯಿಯಂತೆ ಅಡ್ಡಕ್ಕೆ ಹಿಗ್ಗಿರುತ್ತದೆ. ಹಿಂದಿನ ಸಾಲು ಮಸುಕಾಗಿದ್ದರೆ ತೆಗೆದವರು ಕತ್ತಲೆಗೆ ಹೆದರಿ ಎಫ್ 1.8ರಲ್ಲೇ, ಅಂದರೆ ಲೆನ್ಸಿನ ಕಿಂಡಿಯನ್ನು ಅಗಲಕ್ಕೆ ತೆರೆದೇ, ತೆಗೆದಿದ್ದಾರೆ ಎನ್ನಬಹುದು. ಮೂರು ಸಾಲು ಜನ ಸ್ಪಷ್ಟವಾಗಿ ಬರಬೇಕಾದರೆ ಕಿಂಡಿಯನ್ನು ಕಿರಿದು ಮಾಡಿ ಎಫ್ 8ರ ಆಸುಪಾಸಿಗೆ ಹೋಗಬೇಕು, ಅದಕ್ಕೆ ಬೇಕಾಗುವಷ್ಟು ಬೆಳಕನ್ನು ಅವರೇ ಹೊತ್ತು ತರಬೇಕು.

ಕೊನೆಯದಾಗಿ ಮುದುಕರ ಮುಖ. ಸುಕ್ಕುಗಳನ್ನು ಒರೆಸಿ ಮೇಣದ ಗೊಂಬೆ ಮಾಡಿದ್ದಾರೆಯೇ, ಮುಖಕ್ಕೆ ಒಂದು ಬಣ್ಣ, ಕಿವಿಗೆ ಒಂದು ಬಣ್ಣ ಇದೆಯೇ ಎಂದು ಪರೀಕ್ಷಿಸಿ. ಎಂಬತ್ತು ವರ್ಷದವರನ್ನು ಬೆಳ್ಳಗೆ, ನುಣ್ಣಗೆ ಮಾಡುವ ಫಿಲ್ಟರುಗಳ ಬಗ್ಗೆ ನನಗೆ ಕನಿಕರವಿಲ್ಲ. ಹಿನ್ನೆಲೆ ಬದಲಿಸುವ ಸಿದ್ಧ ಆಲ್ಬಂ ವಿನ್ಯಾಸಗಳೂ ಅದೇ ಜಾತಿಯವು. ನಮ್ಮ ನೆಂಟರೊಬ್ಬರ ಮನೆಯ ಆಲ್ಬಂನಲ್ಲಿ ಕೌಪೀನ ತೊಟ್ಟ ಉಪನಯನದ ವಟು ಸ್ವಿಟ್ಜರ್ಲೆಂಡಿನ ಹಿಮಪರ್ವತದ ಮುಂದೆ ದಂಡ ಹಿಡಿದು ನಿಂತಿದ್ದಾನೆ. ಈಗ ಕಾಲೇಜಿಗೆ ಹೋಗುವ ಆ ಹುಡುಗ ಆಲ್ಬಂ ತೆಗೆದರೆ ಎದ್ದು ಹೋಗುತ್ತಾನೆ.

ಹೆಜ್ಜೆ 4: ಬರುವವರು ಯಾರೆಂದು ಕೇಳಿ

ಸ್ಟುಡಿಯೊದ ಹೆಸರು ನೋಡಿ ಒಪ್ಪಿದರೆ ಆ ದಿನ ಕೆಲಸ ಕಲಿಯುತ್ತಿರುವ ಹುಡುಗ ಬರಬಹುದು. ನಮ್ಮ ಅಜ್ಜಿಯ ಶಾಂತಿಗೆ ಆದದ್ದೂ ಹಾಗೆಯೇ. ಮಾದರಿ ಚಿತ್ರಗಳನ್ನು ತೆಗೆದವರೇ ಬರಬೇಕೆಂದು ಹೇಳಿ, ಹೆಸರು ಬರೆಸಿಕೊಳ್ಳಿ. ಎರಡು ಕ್ಯಾಮೆರಾ ತರುತ್ತಾರೆಯೇ, ಒಂದೇ ಹೊತ್ತಿಗೆ ಎರಡು ಕಾರ್ಡುಗಳಲ್ಲಿ ಚಿತ್ರ ದಾಖಲಾಗುತ್ತದೆಯೇ, ಕರೆಂಟು ಹೋದರೆ ಬ್ಯಾಟರಿಯ ದೀಪವಿದೆಯೇ ಎಂಬುದನ್ನೂ ಕೇಳಿ.

ಹೆಜ್ಜೆ 5: ಮೊದಲೊಮ್ಮೆ ಮನೆ ತೋರಿಸಿ

ಪೆಟ್ರೋಲು ಖರ್ಚು ಕೊಟ್ಟಾದರೂ ಒಮ್ಮೆ ಕರೆಸಿ, ಕಾರ್ಯಕ್ರಮ ನಡೆಯುವ ಹೊತ್ತಿಗೇ ಕರೆಸಿ. ಹೊಸನಗರ, ಸಾಗರದ ಒಳಹಳ್ಳಿಗಳ ಕಡೆ ಫೋನಿಗೆ ನೆಟ್‌ವರ್ಕ್ ಸಿಗದೆ ಮ್ಯಾಪ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಮುಹೂರ್ತದ ಬೆಳಿಗ್ಗೆ ಫೋಟೊಗ್ರಾಫರನ್ನು ಹುಡುಕಲು ಬೈಕು ಕಳಿಸಿದ ಮನೆಗಳನ್ನು ಕಂಡಿದ್ದೇನೆ.

ಹೆಜ್ಜೆ 6: ಹೊರಗಡೆಯ ಜಾಗ ಬೇಕೇ

ನನಗೆ ಬೇಡ. ಮನೆಯ ಅಂಗಳವಿರುವಾಗ ಮುದುಕರನ್ನೂ ಮಕ್ಕಳನ್ನೂ ಕಾರಿನಲ್ಲಿ ತುಂಬಿಕೊಂಡು ಜೋಗಕ್ಕೆ ಏಕೆ ಹೋಗಬೇಕೋ ತಿಳಿಯದು. ತೋಟ ಚೆಂದವೇ, ಆದರೆ ಅಡಿಕೆ ಮರಗಳ ಸಂದಿನಿಂದ ಇಳಿಯುವ ಬಿಸಿಲು ಮುಖದ ಮೇಲೆ ಚಿರತೆಯ ಚುಕ್ಕೆ ಮೂಡಿಸುತ್ತದೆ, ಮೋಡದ ದಿನವಾದರೆ ಪರವಾಗಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಟ್ಟು ತೆಗೆಯಲು ಮುಂಚಿತವಾಗಿ ಅನುಮತಿ ಬೇಕು. ಡ್ರೋನ್ ಹಾರಿಸುತ್ತೇವೆ ಎಂದು ಆಸೆ ತೋರಿಸಿದರೆ ನೋಂದಣಿ ಕೇಳಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ವ್ಯವಹಾರಕ್ಕಾಗಿ ಹಾರಿಸುವವರಲ್ಲಿ ಪೈಲಟ್ ಪ್ರಮಾಣಪತ್ರವಿರಬೇಕು. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗದ ಆ ಕಡೆಯವರು ಇನ್ನಷ್ಟು ಎಚ್ಚರದಿಂದಿರಬೇಕು.

ಹೆಜ್ಜೆ 7: ಕಾಗದದ ಮೇಲೆ ಒಪ್ಪಂದ

ಎಷ್ಟು ಗಂಟೆ, ತಿದ್ದಿದ ಚಿತ್ರ ಎಷ್ಟು, ಎಷ್ಟು ದಿನದೊಳಗೆ, ಆಲ್ಬಂ ಬೇರೆ ಲೆಕ್ಕವೇ ಎಂಬುದನ್ನು ಬರೆಸಿ. ಮುಂಗಡ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಡ, ಕೊನೆಯ ಕಂತು ಚಿತ್ರಗಳು ಕೈಸೇರಿದ ಮೇಲೆ. ಹಕ್ಕಿನ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಒಡೆತನ ತೆಗೆಸಿದವರದು. ಆದ್ದರಿಂದ ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಬೇಡಿ, ಬೇರೆ ಒಪ್ಪಂದ ಎಂಬುದು ಇರುವುದು ಅಲ್ಲಿಯೇ. ನಿಮ್ಮ ಮಕ್ಕಳ ಚಿತ್ರಗಳನ್ನು ಕೇಳದೆ ತಮ್ಮ ಪುಟಗಳಲ್ಲಿ ಹಾಕಿಕೊಳ್ಳಬಾರದೆಂಬ ಒಂದು ಸಾಲನ್ನೂ ಸೇರಿಸಿ.

ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಒಪ್ಪಬೇಡಿ, ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. 12 ಇಂಚು ಅಗಲ, 18 ಇಂಚು ಉದ್ದದ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಚೊಕ್ಕವಾಗಿ ಮುದ್ರಿಸಲು 3600ಕ್ಕೆ 5400 ಪಿಕ್ಸೆಲ್ ಬೇಕು. ಪೆನ್‌ಡ್ರೈವ್‌ನಲ್ಲಿ ಪೂರ್ಣ ಗಾತ್ರದವನ್ನೇ ಪಡೆದು, ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ತಮ್ಮನ ಮನೆಯಲ್ಲೋ ಮಗಳ ಮನೆಯಲ್ಲೋ ಇಡಿ.

ಹೆಜ್ಜೆ 8: ಆ ದಿನ

ಫೋಟೊಗ್ರಾಫರ ಪಕ್ಕದಲ್ಲಿ ನೆಂಟರ ಗುರುತು ಬಲ್ಲ ಒಬ್ಬರನ್ನು, ಸೊಸೆಯೋ ಅಳಿಯನೋ ಆದರೆ ಇನ್ನೂ ಒಳ್ಳೆಯದು, ಮೊದಲ ಹೆಜ್ಜೆಯ ಅರ್ಧ ಹಾಳೆಯ ಸಮೇತ ನಿಲ್ಲಿಸಿ. ಹೊರಗಿನಿಂದ ಬಂದವರಿಗೆ ಕೆಂಪು ಸೀರೆಯ ಅಜ್ಜಿ ಯಾರು, ಮೂಲೆಯಲ್ಲಿ ಕುಳಿತ ದೊಡ್ಡತ್ತೆ ಯಾರು ಎಂದು ಹೇಗೆ ಗೊತ್ತಾಗಬೇಕು? ಗುಂಪುಚಿತ್ರ ಊಟಕ್ಕೆ ಮೊದಲೇ ಆಗಲಿ. ಹೋಳಿಗೆ ಊಟದ ಮೇಲೆ ಹಿರಿಯರು ಜಗಲಿಯಲ್ಲಿ ಒರಗಿರುತ್ತಾರೆ, ಮಕ್ಕಳು ಹಳ್ಳದ ಕಡೆ ಓಡಿರುತ್ತಾರೆ, ಗಂಡಸರು ಇಸ್ಪೀಟಿಗೆ ಕುಳಿತಿರುತ್ತಾರೆ.

ಹೆಜ್ಜೆ 9: ಆಲ್ಬಂ

ಹೊಳೆಯುವ ಹಾಳೆ ಬೇಡ, ಮ್ಯಾಟ್ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಹೊಳಪಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದರೆ ಮುಖದ ಸಮೇತ ಕಿತ್ತುಬರುತ್ತವೆ. ವೆಲ್ವೆಟ್ಟಿನ ಪೆಟ್ಟಿಗೆಯಲ್ಲಿ ಕೊಡುತ್ತೇವೆ ಎಂದು ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ, ಬೂಷ್ಟು ಮೊದಲು ಹಿಡಿಯುವುದು ಆ ವೆಲ್ವೆಟ್ಟಿಗೇ. ಆಲ್ಬಂ ಅನ್ನು ಹೊರಗೋಡೆಗೆ ತಾಗಿದ ಬೀರುವಿನಲ್ಲಿಡದೆ ಒಳಕೋಣೆಯ ಎತ್ತರದ ಕಪಾಟಿನಲ್ಲಿಡಿ, ಹಾಳೆಗಳ ನಡುವೆ ಬೆಣ್ಣೆ ಕಾಗದ ಹಾಕಿ, ಮಳೆ ಮುಗಿದ ಮೇಲೆ ಒಂದು ಒಣ ಮಧ್ಯಾಹ್ನ ಹೊರತೆಗೆದು ನೆರಳಿನಲ್ಲಿ ಬಿಡಿಸಿಡಿ. ಬಿಸಿಲಿಗೆ ಇಟ್ಟರೆ ಬಣ್ಣ ಹಾರುತ್ತದೆ.