ರೇಷ್ಮೆ ಮನೆಯ ಹದದಲ್ಲಿ ಟರಾಂಟುಲಾ ಮರಿಗಳು

ಟರಾಂಟುಲಾ ಎಂಬ ದೊಡ್ಡ ಕೂದಲು ಜೇಡದ ಮೊಟ್ಟೆಗೆ ಎಷ್ಟು ಶಾಖ ಬೇಕು, ಎಷ್ಟು ತೇವ ಬೇಕು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ರೇಷ್ಮೆ ಮೊಟ್ಟೆಯ ಲೆಕ್ಕವನ್ನೇ. 25 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 80ರ ಆಸುಪಾಸು ತೇವ. ಮಳವಳ್ಳಿ ಕಡೆಯ ನಮ್ಮ ಮನೆಯಲ್ಲಿ ಅವ್ವ ವರ್ಷಗಟ್ಟಲೆ ಚಾಕಿ, ಅಂದರೆ ರೇಷ್ಮೆಯ ಎಳೆ ಹುಳು, ಕಟ್ಟಿದವಳು. ಮೊಟ್ಟೆ ಒಣಗಬಾರದು, ಬೆವರಲೂಬಾರದು ಎನ್ನುವುದು ಅವಳ ಕೈಯಲ್ಲೇ ಇತ್ತು. ಈಗ ಮೈಸೂರಿನ ಶ್ರೀರಾಂಪುರದಲ್ಲಿ ಜೇಡ ಮರಿ ಮಾಡಿಸುವಾಗ ನನಗೆ ನೆರವಾಗಿರುವುದು ಆ ರೂಢಿಯೇ.

ನಾನು ಸಾಕುವುದು ‘ಗ್ರೀನ್ ಬಾಟಲ್ ಬ್ಲೂ’ ಎಂಬ ಟರಾಂಟುಲಾ ಜಾತಿ. ವೆನಿಜುವೆಲಾದ ಪರಗ್ವಾನಾ ಪರ್ಯಾಯದ್ವೀಪದ ಕುರುಚಲು ನೆಲ ಅದರ ತವರು. ಕಾಲು ನೀಲಿ, ಬೆನ್ನಿನ ಚಿಪ್ಪು ಹಸಿರು, ಹೊಟ್ಟೆ ಕಿತ್ತಳೆ. ಸಾಕಿದವರ ಮನೆಯಲ್ಲೇ ಹುಟ್ಟಿದ ಮರಿಗಳನ್ನು ತಂದು ಬೆಳೆಸಿದೆ. ನಮ್ಮ ಕಡೆಯದೇ ಒಂದು ಟರಾಂಟುಲಾ ಇದೆ: 1895ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಹೆಸರಿಟ್ಟ ಪೊಸಿಲೊಥೀರಿಯಾ ಸ್ಟ್ರಿಯಾಟಾ. ಹೊರದೇಶದ ಹವ್ಯಾಸಿಗಳ ಬಾಯಲ್ಲಿ ಅದು ‘ಮೈಸೂರ್ ಆರ್ನಮೆಂಟಲ್’. ಮರದ ಪೊಟರೆಯಲ್ಲಿ ಬದುಕುವ ಈ ಇಡೀ ಕುಲ 2019ರಲ್ಲಿ ಸೈಟಿಸ್, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿತು. 2022ರ ತಿದ್ದುಪಡಿಯಿಂದ ನಮ್ಮ ವನ್ಯಜೀವಿ ಕಾಯ್ದೆಯೂ ಸೈಟಿಸ್ ಪಟ್ಟಿಯ ಜೀವಿಗಳನ್ನು ಒಳಗೆ ತಂದಿದೆ. ಮರದಿಂದ ಹಿಡಿದು ತಂದ ಜೇಡವನ್ನು ಯಾರು ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಬೆಳೆದ ಹೆಣ್ಣೊಂದನ್ನು ಕಿತ್ತು ತಂದರೆ ಅದು ಮುಂದೆ ಇಡಬೇಕಿದ್ದ ಮೊಟ್ಟೆಗಳೂ ಕಾಡಿಗೆ ನಷ್ಟ.

ಗಂಡು ಬಲಿತದ್ದು ನೋಡಿದರೆ ಗೊತ್ತಾಗುತ್ತದೆ. ಕೊನೆಯ ಸಲ ಪೊರೆ ಬಿಟ್ಟ ಮೇಲೆ ಬಾಯಿಯ ಪಕ್ಕದ, ಪುಟ್ಟ ಕಾಲಿನಂಥ ಪೆಡಿಪ್ಯಾಲ್ಪ್‌ಗಳ ತುದಿ ಗುಂಡಗೆ ಉಬ್ಬಿರುತ್ತದೆ, ಮುಂಗಾಲುಗಳಲ್ಲಿ ಕೊಕ್ಕೆ ಮೂಡಿರುತ್ತದೆ. ಅದು ಸಣ್ಣ ಬಲೆಯೊಂದನ್ನು ನೇಯ್ದು, ಅದರ ಮೇಲೆ ವೀರ್ಯ ಬಿಟ್ಟು, ಪೆಡಿಪ್ಯಾಲ್ಪ್‌ಗಳಿಗೆ ತುಂಬಿಕೊಳ್ಳುತ್ತದೆ. ಆಮೇಲೇ ಅದು ಜೋಡಿಗೆ ಸಿದ್ಧ. ಒಂದೇ ಮೊಟ್ಟೆಚೀಲದಲ್ಲಿ ಹುಟ್ಟಿದ ಗಂಡು ಹೆಣ್ಣಿಗಿಂತ ಎಷ್ಟೋ ಮೊದಲು ಬಲಿತು, ಕೆಲವು ತಿಂಗಳಲ್ಲಿ ಸತ್ತೂ ಹೋಗುತ್ತದೆ. ಹಾಗಾಗಿ ನಾನು ಬೆಂಗಳೂರಿನ ಸ್ನೇಹಿತರೊಬ್ಬರ ಗಂಡನ್ನು ತಂದೆ, ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ ಎಂಬ ಮಾತಿನ ಮೇಲೆ.

ಹೆಣ್ಣಿನ ವಿಷಯದಲ್ಲಿ ನೋಡಬೇಕಾದದ್ದು ಪೊರೆ. ಕೂಡಿದ ಮೇಲೆ ಹೆಣ್ಣು ಪೊರೆ ಬಿಟ್ಟರೆ ವೀರ್ಯ ಕೂಡಿಟ್ಟ ಚೀಲದ ಒಳಪದರವೂ ಪೊರೆಯ ಜೊತೆಗೇ ಕಳಚಿಹೋಗುತ್ತದೆ, ಎಲ್ಲ ಮೊದಲಿಂದ. ಪೊರೆ ಬಿಟ್ಟು ಒಂದೆರಡು ತಿಂಗಳಾಗಿ, ಹಲ್ಲು ಗಟ್ಟಿಯಾಗಿ, ಚೆನ್ನಾಗಿ ತಿಂದು ತುಂಬಿಕೊಂಡ ಹೆಣ್ಣೇ ಸರಿ. ಹೊಟ್ಟೆ ತುಂಬಿದ ಹೆಣ್ಣು ಗಂಡನ್ನು ತಿನ್ನುವ ಸಂಭವವೂ ಕಡಿಮೆ. ಸಂಜೆಯ ಹೊತ್ತು ಗಂಡನ್ನು ಅವಳ ಪೆಟ್ಟಿಗೆಗೆ ಬಿಟ್ಟೆ. ಅದು ಬಲೆಯ ಮೇಲೆ ನಿಂತು ಕಾಲಿನಿಂದ ತಾಳ ಹಾಕತೊಡಗಿತು, ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳೂ ಬಡಿದಳು. ಈ ಉತ್ತರ ಬಂದರೆ ಅರ್ಧ ಗೆದ್ದಂತೆ. ಗಂಡು ಕೊಕ್ಕೆಗಳಿಂದ ಅವಳ ಹಲ್ಲುಗಳನ್ನು ತಡೆದು ಎತ್ತಿ ಹಿಡಿದಾಗ ನಾನು ಉದ್ದನೆಯ ಕುಂಚ ಹಿಡಿದು ಸಿದ್ಧನಿದ್ದೆ. ಕೆಲಸ ಮುಗಿದು ಅದು ಹಿಂದೆ ಸರಿಯುವ ಕ್ಷಣವೇ ಅಪಾಯದ್ದು, ಆಗ ಕುಂಚವನ್ನು ನಡುವೆ ಚಾಚಬೇಕು.

ಆಮೇಲೆ ಅವಳಿಗೆ ಕೇಳಿದಷ್ಟು ಮೇವು. ಒಂದು ದಿನ ತಿನ್ನುವುದು ಬಿಟ್ಟು, ಬಲೆಯನ್ನು ದಪ್ಪ ಮಾಡಿ ಬಾಗಿಲು ಮುಚ್ಚಿಕೊಂಡಳು. ಅವ್ವ ಇಣುಕಿ ನೋಡಿ, “ಜ್ವರಕ್ ಕುಂತವ್ಳೋ ಏನೋ, ಮುಟ್ಬ್ಯಾಡ ಕಣ್ಲಾ” ಅಂದಳು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಆ ಹೊತ್ತಿನಲ್ಲಿ ತಟ್ಟೆ ಅಲ್ಲಾಡಿಸದವಳು ಅವ್ವ. ಇದು ಪೊರೆಯಲ್ಲ, ಮೊಟ್ಟೆ. ಆದರೂ ಮುಟ್ಟಬಾರದು ಎನ್ನುವುದು ಅಷ್ಟೇ ನಿಜ. ಹೆದರಿದ ಹೆಣ್ಣು ತನ್ನ ಮೊಟ್ಟೆಚೀಲವನ್ನೇ ತಿಂದುಬಿಡುತ್ತದೆ. ರ‍್ಯಾಕಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟೆ, ರೇಷ್ಮೆ ಸ್ಟ್ಯಾಂಡಿಗೆ ಇರುವೆ ಹತ್ತದಂತೆ ಇಡುತ್ತೇವಲ್ಲ, ಹಾಗೆ. ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಜಿರಳೆ ಸ್ಪ್ರೇ, ಊದಿನಕಡ್ಡಿ ಯಾವುದೂ ಇಲ್ಲ. ಹುಣಸೂರಿನ ಕಡೆ ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆ ಸೊಪ್ಪನ್ನು ಹುಳುವಿಗೆ ಹಾಕಬಾರದು ಎನ್ನುತ್ತಾರೆ. ಜೇಡಕ್ಕೂ ನಿಕೋಟಿನ್ ವಿಷವೇ, ಬೀಡಿ ಸೇದಿದ ಕೈಯಲ್ಲಿ ಪೆಟ್ಟಿಗೆ ಮುಟ್ಟಲು ಯಾರನ್ನೂ ಬಿಡುವುದಿಲ್ಲ.

ಚೀಲವನ್ನು ತಾಯಿಯ ಬಳಿಯೇ ಬಿಡಬಹುದು, ಅವಳು ಅದನ್ನು ಆಗಾಗ ಹೊರಳಿಸುತ್ತಾ ನೋಡಿಕೊಳ್ಳುತ್ತಾಳೆ. ಆದರೆ ಒಳಗೆ ಏನಾಗುತ್ತಿದೆ ಎನ್ನುವುದು ಕಾಣದು, ಒಂದು ಮೊಟ್ಟೆ ಕೊಳೆತರೆ ಬೂಸ್ಟು ಉಳಿದವಕ್ಕೂ ಹಬ್ಬುತ್ತದೆ. ಹಾಗಾಗಿ ನಾನು ನಾಲ್ಕು ವಾರ ತುಂಬಿದ ಮೇಲೆ ತೆಗೆಯುತ್ತೇನೆ. ಅದಕ್ಕಿಂತ ಮೊದಲೇ ತೆಗೆದರೆ ಬರೀ ಮೊಟ್ಟೆಗಳಿರುತ್ತವೆ, ದಿನಕ್ಕೆ ಹಲವು ಸಲ ನಾವೇ ಹೊರಳಿಸಬೇಕು, ಇಲ್ಲವಾದರೆ ಕೆಳಗಿನವು ಅಂಟಿಕೊಳ್ಳುತ್ತವೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಈ ಜಾತಿ ಹಿಂಗಾಲಿನಿಂದ ಹೊಟ್ಟೆಯ ಕೂದಲು ಕೆರೆದು ತೂರುತ್ತದೆ, ಕಣ್ಣಿಗೆ ಬಿದ್ದರೆ ಬಹಳ ಕಷ್ಟ. ತಾಯಿಯ ಮೇಲೆ ಡಬ್ಬಿ ಕವುಚಿ, ಉದ್ದ ಚಿಮಟದಿಂದ ಚೀಲ ಎತ್ತಿ, ಸಣ್ಣ ಕತ್ತರಿಯಿಂದ ಅಂಚು ಬಿಡಿಸಿದಾಗ ನೂರರ ಆಸುಪಾಸು ಕೆನೆಬಣ್ಣದ ಗುಂಡುಗಳು, ಪ್ರತಿಯೊಂದಕ್ಕೂ ಆಗಲೇ ಪುಟ್ಟ ಕಾಲುಗಳು. ನಾವು ‘ಕಾಲು ಬಂದ ಮೊಟ್ಟೆ’ ಎನ್ನುವ ಹಂತ ಇದು. ಅಂದು ರಾತ್ರಿ ಅವ್ವನನ್ನು ಎಬ್ಬಿಸಿ ತೋರಿಸಿದೆ.

ಕಾವಿನ ಪೆಟ್ಟಿಗೆ ಸರಳ. ಅಗಲ ಬಾಯಿಯ ಡಬ್ಬಿಗೆ ತೆಳು ನೈಲಾನ್ ಬಟ್ಟೆಯನ್ನು ತೊಟ್ಟಿಲಿನಂತೆ ಇಳಿಬಿಟ್ಟು, ಅದರಲ್ಲಿ ಮೊಟ್ಟೆಗಳನ್ನು ಹರಡಬೇಕು. ಆ ಡಬ್ಬಿಯನ್ನು ಮುಚ್ಚಳವಿರುವ ದೊಡ್ಡ ಪೆಟ್ಟಿಗೆಯೊಳಗಿಟ್ಟು, ಸುತ್ತಲೂ ಒದ್ದೆ ಫೋಮ್ ಪಟ್ಟಿ ಇಡುತ್ತೇನೆ. ಚಾಕಿ ತಟ್ಟೆಯ ಸುತ್ತ ಇಡುವ ಅದೇ ಪಟ್ಟಿ. ಮೊಟ್ಟೆಗೆ ನೀರು ತಾಗಕೂಡದು, ಗಾಳಿಯಲ್ಲಿ ಮಾತ್ರ ತೇವ ಇರಬೇಕು. ಮುಚ್ಚಳವನ್ನು ಓರೆಯಾಗಿ ಇಟ್ಟರೆ ಒಳಗೆ ಕಟ್ಟಿದ ಹನಿ ಅಂಚಿಗೆ ಜಾರಿಹೋಗುತ್ತದೆ, ಮೊಟ್ಟೆಯ ಮೇಲೆ ತೊಟ್ಟಿಕ್ಕುವುದಿಲ್ಲ. ಗಾಳಿ ತೂತುಗಳಿಗೆ ಒತ್ತಾದ ಜಾಲರಿ ಅಂಟಿಸಲೇಬೇಕು, ಕೊಳೆತದ್ದಕ್ಕೆ ಮುತ್ತುವ ಸಣ್ಣ ಫೋರಿಡ್ ನೊಣಗಳು ನುಗ್ಗಿದರೆ ಚೀಲವಿಡೀ ಹೋದಂತೆ. ಮೈಸೂರಿನ ಬೇಸಿಗೆಯಲ್ಲಿ ಬೇರೆ ಶಾಖ ಬೇಡ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ ಪೆಟ್ಟಿಗೆಯ ತಳಕ್ಕೆ ನೀರು ಹಾಕಿ ಮೀನಿನ ತೊಟ್ಟಿಯ ಹೀಟರ್ ಇಟ್ಟು 26 ಡಿಗ್ರಿಗೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಸಂಜೆ ಮೆತ್ತನೆಯ ಕುಂಚದಿಂದ ಸುಕ್ಕಿದ್ದು, ಕಂದಿದ್ದು ಆರಿಸಿ ತೆಗೆಯುವುದು, ಇಷ್ಟೇ ಕೆಲಸ. ಇದನ್ನು ಒಂದು ದಿನವೂ ತಪ್ಪಿಸುವಂತಿಲ್ಲ.

ಎರಡು ಮೂರು ವಾರಕ್ಕೊಂದು ಪೊರೆ. ಮೊದಲ ಪೊರೆಯ ನಂತರವೂ ಮರಿ ತಿನ್ನುವುದಿಲ್ಲ, ಹೊಟ್ಟೆಯಲ್ಲಿನ ಭಂಡಾರವೇ ಸಾಕು. ಇನ್ನೊಂದು ಪೊರೆ ಬಿಟ್ಟು ಮೈ ಬಣ್ಣ ಗಾಢವಾಗಿ ಓಡಾಡತೊಡಗಿದರೆ ಬೇರೆ ಬೇರೆ ಡಬ್ಬಿಗೆ ಹಾಕುವ ಹೊತ್ತು, ತಡವಾದರೆ ಒಂದನ್ನೊಂದು ತಿನ್ನುತ್ತವೆ. ಒಣ ತೆಂಗಿನ ನಾರಿನ ಪುಡಿ, ಒಂದು ಮೂಲೆ ಮಾತ್ರ ಒದ್ದೆ. ಮೇವಿಗೆ ಹಣ್ಣುನೊಣ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೋಫಿಲಾ ಎಂಬ ಈ ಹಣ್ಣುನೊಣಗಳ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ನೊಣಗಳಿಗೆ ಮೇವಾಗಿ ಅಲ್ಲಿ ಓದಿದ ಗೆಳೆಯ ಕಲಿಸಿದ ಅಡುಗೆ ಇದು: ರವೆ, ಬೆಲ್ಲ, ಅಗರ್ ಕುದಿಸಿ, ಬೂಸ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಸೇರಿಸುವುದು. ನೊಣಗಳನ್ನು ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮಂಕಾಗುತ್ತವೆ, ಆಗ ಮರಿಗಳಿಗೆ ಹಂಚುವುದು ಸಲೀಸು.

ಮಾತಿನಂತೆ ಅರ್ಧ ಮರಿಗಳು ಬೆಂಗಳೂರಿಗೆ ಹೋದವು. ಉಳಿದವನ್ನು ಕೊಡುವಾಗ ಡಬ್ಬಿಯ ಮೇಲೆ ಜಾತಿ, ತಂದೆ ತಾಯಿ ಯಾರ ಮನೆಯವು, ಯಾವ ಚೀಲದ್ದು ಎಂದು ಬರೆದೇ ಕೊಡುತ್ತೇನೆ, ಮುಂದೆ ಒಡಹುಟ್ಟಿದವನ್ನೇ ಯಾರೂ ತಿಳಿಯದೆ ಜೋಡಿ ಮಾಡದಿರಲಿ ಎಂದು. ಈ ಜಾತಿಯ ಹೆಣ್ಣು ಹತ್ತು ವರ್ಷ ಮೀರಿ ಬದುಕುತ್ತದೆ. ಅಷ್ಟು ಕಾಲ ನೋಡಿಕೊಳ್ಳುತ್ತೀರಾ ಎಂದು ಕೇಳಿದಾಗ ತಡವರಿಸುವವರಿಗೆ ಮರಿ ಕೊಡುವುದಿಲ್ಲ.